ಕಲ್ಚರ್ ಹಾಕಿದರೂ ಸೈಲೇಜ್ ನಾರುತ್ತಿದೆ, ಯಾಕೆ?

ಹಟ್ಟಿಮನೆ: ತಲೆ ಕೆಟ್ಟುಹೋಗಿದೆ. ಹಸಿ ಮೇವು ಕತ್ತರಿಸಿ, ಗಾಳಿಯಾಡದಂತೆ ಬ್ಯಾಗಿಗೆ ತುಂಬಿ ಹುಳಿ ಬರಿಸುವ ಸೈಲೇಜ್ ಮಾಡಿದ್ದೆ. 45 ದಿನ ಕಾದು ನಿನ್ನೆ ಬ್ಯಾಗ್ ಬಿಚ್ಚಿದೆ. ಹುಳಿ ವಾಸನೆಯೇ ಇಲ್ಲ, ಕೆಟ್ಟ ಬೆಣ್ಣೆಯ ನಾತ. ಮುಟ್ಟಿದರೆ ಲೋಳೆ. ಹಸುಗಳು ಮೂಸಿ ಮುಖ ತಿರುಗಿಸಿದವು. ಕಲ್ಚರ್ ಅಂತ ಹುಳಿ ಬರಿಸುವ ಜೀವಾಣು ಲ್ಯಾಕ್ಟೋಬ್ಯಾಸಿಲಸ್ ಪುಡಿ ಹಾಕಿದ್ದೆ, ಕಡಲ ಪಾಚಿ ಪುಡಿಯನ್ನೂ ಹಾಕಿದ್ದೆ. ದುಡ್ಡೆಲ್ಲ ದಂಡ. ಬೇರೆ ಯಾವ ಕಲ್ಚರ್ ಒಳ್ಳೆಯದು?

ಕೋಲಾರದವ: ಇಲಿ ತೂತು ಮಾಡಿದೆ. ಗಾಳಿ ಹೋಗಿದೆ. ಅಷ್ಟೇ.

ಹಟ್ಟಿಮನೆ: ಇಲಿ ತೂತು ಒಂದೂ ಇಲ್ಲ. ಎರಡು ಸಲ ನೋಡಿದೆ.

ಕೋಲಾರದವ: ಕಣ್ಣಿಗೆ ಕಾಣುವುದಿಲ್ಲ. ಖಾಲಿ ಮಾಡಿ ನೀರು ತುಂಬಿಸಿ ನೋಡಿ.

ಬೋರ್‌ವೆಲ್ ಬಸ್ಯ: ಪುಡಿ ಯಾವ ನೀರಲ್ಲಿ ಕಲಸಿದಿರಿ? ನಲ್ಲಿ ನೀರಿನ ಕ್ಲೋರಿನ್‌ಗೆ ಜೀವಾಣು ಸಾಯುತ್ತವೆ. ಪಾಚಿಗೆ ದುಡ್ಡು ಯಾಕೆ, ತೊಟ್ಟಿಯಲ್ಲಿ ಅಜೋಲಾ ಬೆಳೆಸಿ.

ಮಲೆನಾಡ ಹುಲ್ಲು: ಅಜೋಲಾ ಪಾಚಿ ಅಲ್ಲ, ಜರೀಗಿಡ. ಅದರ ಎಲೆಯೊಳಗೆ ಅನಬೀನಾ ಅನ್ನುವ ನೀಲಿ-ಹಸಿರು ಪಾಚಿ ಇರುತ್ತದೆ.

ಬೋರ್‌ವೆಲ್ ಬಸ್ಯ: ಒಳಗೆ ಪಾಚಿ ಇದ್ದ ಮೇಲೆ ಪಾಚಿ ತಾನೇ?

ಮಲೆನಾಡ ಹುಲ್ಲು: ನಿಮ್ಮ ಹೊಟ್ಟೆಯಲ್ಲಿ ಮುದ್ದೆ ಇದ್ದರೆ ನೀವೇ ಮುದ್ದೆಯಾ? ಇರಲಿ. ಹಟ್ಟಿಮನೆಯವರೇ, ಜೋಳ ಕೊಯ್ದಾಗ ಕಾಳು ಹಾಲುಗಟ್ಟಿತ್ತಾ?

ಹಟ್ಟಿಮನೆ: ಜೋಳ ಅಂತ ಯಾರು ಹೇಳಿದರು? ಸೂಪರ್ ನೇಪಿಯರ್ ಹುಲ್ಲು. ಬೆಳಿಗ್ಗೆ ಕೊಯ್ದು ಆಗಲೇ ಕತ್ತರಿಸಿ ತುಂಬಿದೆ.

ಮಲೆನಾಡ ಹುಲ್ಲು: ಅಯ್ಯೋ, ಮೊದಲೇ ಹೇಳಬಾರದಾ! ಎಳೆ ನೇಪಿಯರ್‌ನಲ್ಲಿ ನೂರಕ್ಕೆ 80 ಭಾಗ ನೀರೇ, ಸಕ್ಕರೆ ಕಡಿಮೆ. ನೀವು ಹಾಕಿದ ಜೀವಾಣುವಿಗೆ ಸಕ್ಕರೆಯೇ ಊಟ. ಅದು ಸಾಲದಿದ್ದರೆ ಹುಳಿ ಏರುವುದಿಲ್ಲ, ಪಿಎಚ್ 4ರ ಹತ್ತಿರಕ್ಕೆ ಇಳಿಯುವುದಿಲ್ಲ. ಆಗ ಮೇವು ಕೆಡಿಸುವ ಕ್ಲಾಸ್ಟ್ರಿಡಿಯಂ ಅನ್ನುವ ಜೀವಾಣು ಎದ್ದು ಕೂರುತ್ತದೆ. ಆ ಬೆಣ್ಣೆ ನಾತ ಅದರದ್ದೇ. ಕಡಲ ಪಾಚಿಯಿಂದ ಖನಿಜ ಸಿಗಬಹುದು, ಹುಳಿ ಬರಿಸುವುದು ಅದರ ಕೆಲಸ ಅಲ್ಲ. ಮುಂದಿನ ಸಲ ಕೊಯ್ದು ಒಂದು ದಿನ ಬಾಡಿಸಿ. ಕತ್ತರಿಸಿದ್ದನ್ನು ಮುಷ್ಟಿಯಲ್ಲಿ ಹಿಂಡಿ ನೋಡಿ. ರಸ ತೊಟ್ಟಿಕ್ಕಿದರೆ ಇನ್ನೂ ಹಸಿ, ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಸರಿ. ಟನ್ನಿಗೆ 20 ಕೆಜಿ ಬೆಲ್ಲ ಅಥವಾ ಕಾಕಂಬಿ ಬೆರೆಸಿ. ಈಗ ನಾರುತ್ತಿರುವುದು ತಿಪ್ಪೆಗೆ ಹೋಗಲಿ. ಹೊಸದಾಗಿ ಕರು ಹಾಕಿದ ಹಸುವಿಗಂತೂ ಬೇಡವೇ ಬೇಡ.

ಹಟ್ಟಿಮನೆ: ಬಾಡಿಸೋಕೆ ಬಿಸಿಲೆಲ್ಲಿ? ನಾಲ್ಕು ದಿನದಿಂದ ಜಡಿಮಳೆ.

ಮಲೆನಾಡ ಹುಲ್ಲು: ಹಾಗಾದರೆ ಒಣ ರಾಗಿ ಹುಲ್ಲು ಕತ್ತರಿಸಿ ಬೆರೆಸಿ, ನೀರು ಹೀರುತ್ತದೆ.

ಬೋರ್‌ವೆಲ್ ಬಸ್ಯ: ರಾಗಿ ಹುಲ್ಲಿಗೆ ಬ್ಲೇಡ್ ಚೂಪಿರಬೇಕು. ನನ್ನದು 5 ಎಚ್‌ಪಿ ಚಾಫ್ ಕಟರ್, ತೆಂಗಿನ ಗರಿಯನ್ನೂ ಬಿಡುವುದಿಲ್ಲ. ಫೋಟೋ ಹಾಕಲಾ?

ಕೋಲಾರದವ: ನೀರು ತುಂಬಿಸಿ ನೋಡಿದಿರಾ?

ಹಟ್ಟಿಮನೆ: ಬುಡದಲ್ಲಿ ರಸ ಇಳಿದು ಹೋಗಲಿ ಅಂತ ನಾನೇ ಮೊಳೆಯಲ್ಲಿ ನಾಲ್ಕು ಕಡೆ ಚುಚ್ಚಿದ್ದೆ. ಅದು ಲೆಕ್ಕಕ್ಕಿಲ್ಲ ಅಲ್ವಾ?