ಮಗನಿಗೆ ಕಂಪ್ಯೂಟರ್ ಸೈನ್ಸ್ ಬೇಡ ಅನ್ನುವ ಮುಂಚೆ

ನಮಸ್ಕಾರ ಎಲ್ಲರಿಗೂ. ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿರುವ ಮೇಡಂ ಒಬ್ಬರು ನಮ್ಮ ಈ ಅಮೆರಿಕದ ಕನ್ನಡಿಗರ ಗುಂಪಿನಲ್ಲಿ ಮಗನ ವಿಷಯ ಕೇಳಿದ್ದರು. ಹುಡುಗ ಹನ್ನೊಂದನೇ ಗ್ರೇಡು. ಕಂಪ್ಯೂಟರ್ ಸೈನ್ಸೇ ಓದುತ್ತೇನೆ ಅಂತ ಹಟ ಹಿಡಿದಿದ್ದಾನೆ. ಕೆಲಸವೆಲ್ಲ ಬೆಂಗಳೂರಿಗೆ ಹೋಗುತ್ತಿರುವಾಗ ಇಲ್ಲಿ ಇಷ್ಟೊಂದು ಫೀಸು ಕಟ್ಟಿ ಅದನ್ನೇ ಓದಿಸಬೇಕಾ ಅನ್ನೋದು ಅವರ ಚಿಂತೆ. ಅದಕ್ಕೆ ಡಲ್ಲಾಸಿನ ಅಣ್ಣ ಒಬ್ಬರು, "ಈಗ ಬರುತ್ತಿರುವ ನಮ್ಮ ಹುಡುಗರೇ ಕಮ್ಮಿ ಸಂಬಳಕ್ಕೆ ಒಪ್ಪಿಕೊಂಡು ಎಲ್ಲರ ಹೊಟ್ಟೆ ಮೇಲೆ ಹೊಡೀತಿದ್ದಾರೆ, ಎಚ್-1ಬಿ ಪೂರ್ತಿ ನಿಲ್ಲಿಸಲಿ" ಅಂದರು. ಎಚ್-1ಬಿ ಅಂದರೆ ಹೊರದೇಶದ ನುರಿತ ಕೆಲಸಗಾರರನ್ನು ಅಮೆರಿಕದ ಕಂಪನಿಗಳು ಕರೆಸಿಕೊಳ್ಳುವ ವೀಸಾ. ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ. ಈ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ವೀಸಾ ಮೇಲೆ ಬಂದ ಹುಡುಗನಿಗೆ ಜಾಸ್ತಿ ಸಂಬಳ ಬೇಡ ಅಂತೇನೂ ಇಲ್ಲ. ಕೇಳುವ ಹಾಗಿಲ್ಲ, ಅಷ್ಟೆ.

ಕಾನೂನು ಹೇಗಿದೆ ನೋಡಿ. ಎಚ್-1ಬಿ ಮೇಲೆ ಬಂದವರಿಗೆ ಆ ಊರಲ್ಲಿ ಆ ಕೆಲಸಕ್ಕೆ ನಡೆಯುವ ಸಂಬಳ ಕೊಡಬೇಕು ಅನ್ನೋ ನಿಯಮ ಇದೆ. ಕೇಳೋಕೆ ಚೆನ್ನಾಗಿದೆ. ಆದರೆ ಅದರಲ್ಲಿ ನಾಲ್ಕು ಹಂತ. ಆ ಊರಿನ ನೂರು ಜನ ಪ್ರೋಗ್ರಾಮರ್‌ಗಳನ್ನು ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಕೆಳಗಿನಿಂದ 17ನೆಯವನಿಗೆ ಎಷ್ಟೋ ಅಷ್ಟು ಮೊದಲ ಹಂತ. 34ನೆಯವನಿಗೆ ಎಷ್ಟೋ ಅಷ್ಟು ಎರಡನೆಯದು. ಮೂರನೇ ಹಂತಕ್ಕೆ ಬಂದಾಗ ಮಾತ್ರ ಸಾಲಿನ ನಡುವಿನವನ ಸಂಬಳ. ಇಷ್ಟು ವರ್ಷ ನಡೆದುಬಂದಿರುವ ಲೆಕ್ಕ ಇದು. ಅಂದರೆ ಕಮ್ಮಿ ಕೊಡೋಕೆ ಯಾರೂ ಕಾನೂನು ಮುರಿಯಬೇಕಾಗಿಲ್ಲ. ಇನ್ನೊಂದು ತಮಾಷೆ ಇದೆ. ಎಚ್-1ಬಿ ಜನರೇ ಜಾಸ್ತಿ ಇರುವ ಕಂಪನಿಗಳು "ಇಲ್ಲಿನವರನ್ನು ತೆಗೆದು ಇವರನ್ನು ಕೂರಿಸಲ್ಲ" ಅಂತ ಬರೆದುಕೊಡಬೇಕು. ಆದರೆ ಆ ನೌಕರನಿಗೆ ವರ್ಷಕ್ಕೆ 60,000 ಡಾಲರ್ ಕೊಟ್ಟರೆ ಆ ಮಾತು ಕೊಡಬೇಕಾಗಿಲ್ಲ. ಈ ಮೊತ್ತ ನಿಗದಿ ಆಗಿದ್ದು 1998ರಲ್ಲಿ. ಇವತ್ತಿಗೂ ಅಷ್ಟೇ ಇದೆ! ಆಗ ಅದು ಒಳ್ಳೆ ಸಂಬಳ. ಈಗ ನಮ್ಮ ನ್ಯೂಜೆರ್ಸಿಯ ಎಡಿಸನ್ ಕಡೆ ಮನೆ ಬಾಡಿಗೆ, ಒಂದು ಮಗುವಿನ ಡೇಕೇರ್ ಕಟ್ಟಿದರೆ ಎಷ್ಟು ಉಳಿಯುತ್ತೆ ಅನ್ನೋದು ಎಲ್ಲರಿಗೂ ಗೊತ್ತು.

ಎಲ್ಲರೂ ಕಮ್ಮಿ ಸಂಬಳಕ್ಕೆ ಬರುತ್ತಾರೆ ಅಂತಲ್ಲ. ಸ್ವಂತ ಸಾಫ್ಟ್‌ವೇರ್ ಮಾಡಿ ಮಾರುವ ದೊಡ್ಡ ಪ್ರಾಡಕ್ಟ್ ಕಂಪನಿಗಳಲ್ಲಿ ಎಚ್-1ಬಿಯವರಿಗೂ ಭರ್ಜರಿ ಸಂಬಳ ಇದೆ. ನಾನು ಹೇಳುತ್ತಿರೋದು ವೆಂಡರ್, ಅಂದರೆ ಬೇರೆ ಕಂಪನಿಗಳಿಗೆ ಜನರನ್ನು ಒದಗಿಸುವ ಕಂಪನಿ, ಅದರ ಮೂಲಕ ಬರುವವರ ಕಥೆ.

ಆಮೇಲೆ ಗ್ರೀನ್ ಕಾರ್ಡ್, ಅಂದರೆ ಇಲ್ಲೇ ಕಾಯಂ ಇರೋಕೆ ಸಿಗುವ ಪರವಾನಗಿ. ಉದ್ಯೋಗದ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1,40,000 ಕಾರ್ಡು, ಮನೆಯವರೂ ಸೇರಿ. ಒಂದೇ ದೇಶಕ್ಕೆ ನೂರಕ್ಕೆ ಏಳರ ಮಿತಿ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಹಾಗಾಗಿ ನಮ್ಮವರ ಸಾಲು ಹತ್ತು ವರ್ಷಕ್ಕೂ ಮೀರಿ ಹೋಗಿದೆ. ಐ-140, ಅಂದರೆ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಅರ್ಜಿ, ಒಪ್ಪಿಗೆ ಆದಮೇಲೆ ಕಂಪನಿ ಬದಲಾಯಿಸಿದರೂ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಮ್ಮ ಜಾಗ ಹೇಳುವ ತಾರೀಖು, ಉಳಿಯುತ್ತೆ, ಸರಿ. ಆದರೆ ಹೊಸ ಕಂಪನಿ, ಈ ಕೆಲಸಕ್ಕೆ ಇಲ್ಲಿನವರು ಸಿಗಲಿಲ್ಲ ಅಂತ ಸರ್ಕಾರಕ್ಕೆ ತೋರಿಸುವ ಲೇಬರ್ ಸರ್ಟಿಫಿಕೇಷನ್‌ನಿಂದ ಮತ್ತೆ ಶುರು ಮಾಡಬೇಕು. ಕೆಲಸ ಹೋದರೆ ಕೈಯಲ್ಲಿರೋದು 60 ದಿನ. ಅಷ್ಟರಲ್ಲಿ ಇನ್ನೊಂದು ಸಿಗಲಿಲ್ಲ ಅಂದರೆ ಮನೆ, ಕಾರು, ಮಕ್ಕಳ ಸ್ಕೂಲು ಎಲ್ಲ ಬಿಟ್ಟು ಹೊರಡಬೇಕು. ನಮ್ಮ ಕೂಟದಲ್ಲೇ ಒಬ್ಬರು ಮ್ಯಾನೇಜರ್ ಆಗುವ ಅವಕಾಶ ಬೇಡ ಅಂದರು. ಕೆಲಸದ ವಿವರಣೆ ಬದಲಾದರೆ ಫೈಲು ಮತ್ತೆ ಮೊದಲಿಂದ ಅಂತ ವಕೀಲರು ಹೆದರಿಸಿದ್ದರು. ಇಂಥ ಮನುಷ್ಯ ಬಾಸ್ ಹತ್ತಿರ ಹೋಗಿ ಸಂಬಳ ಜಾಸ್ತಿ ಮಾಡಿ ಅಂತ ಕೇಳುತ್ತಾನಾ? ಅವನ ಪಕ್ಕ ಕೂತಿರುವ ಅಮೆರಿಕನ್ ಕೇಳಿದರೂ ಬಾಸ್‌ಗೆ ಉತ್ತರ ಕೊಡೋದು ಸುಲಭ.

ಇದರ ಇನ್ನೊಂದು ತುದಿ ನಾನು ಹತ್ತಿರದಿಂದ ನೋಡಿದ್ದೇನೆ. ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನನ್ನು ಕನೆಕ್ಟಿಕಟ್‌ನ ಒಂದು ಇನ್ಶೂರೆನ್ಸ್ ಕಂಪನಿಗೆ ಕೆಟಿ (ನಾಲೆಡ್ಜ್ ಟ್ರಾನ್ಸ್‌ಫರ್, ಅಂದರೆ ಅಲ್ಲಿನವರ ಕೆಲಸ ಕಲಿತು ವಹಿಸಿಕೊಳ್ಳೋದು) ತಗೊಳ್ಳೋಕೆ ಕಳಿಸಿದ್ದರು. ಮೊದಮೊದಲು ಅಲ್ಲಿನವರೊಬ್ಬರು ವಿವರಿಸೋದು, ನಾನು ಬರೆದುಕೊಳ್ಳೋದು. ಆಮೇಲೆ ಶ್ಯಾಡೋ, ಅಂದರೆ ಅವರು ಕೆಲಸ ಮಾಡೋದು, ನಾನು ಪಕ್ಕದಲ್ಲಿ ಕೂತು ನೋಡೋದು. ಕೊನೆಗೆ ರಿವರ್ಸ್ ಶ್ಯಾಡೋ. ನಾನು ಮಾಡೋದು, ಅವರು ನೋಡೋದು. ಅದು ಮುಗಿದರೆ ಅವರ ಕೆಲಸವೂ ಮುಗಿಯಿತು. ಇಬ್ಬರಿಗೂ ಗೊತ್ತು, ಇಬ್ಬರೂ ಆಡುತ್ತಿರಲಿಲ್ಲ. ತಿಂಗಳ ಕೊನೆ ಶುಕ್ರವಾರ ಬಿದ್ದರೆ ರಾತ್ರಿ ಕಂಪ್ಯೂಟರ್‌ನಲ್ಲಿ ತಾನಾಗಿ ಓಡುವ ಒಂದು ಬ್ಯಾಚ್ ಜಾಬ್ ಕೆಟ್ಟು ನಿಲ್ಲುತ್ತಿತ್ತು. ಯಾಕೆ ಅಂತ ಯಾವ ಡಾಕ್ಯುಮೆಂಟ್‌ನಲ್ಲೂ ಇರಲಿಲ್ಲ. ಯಾವ ಫೈಲನ್ನು ಕೈಯಾರೆ ಸರಿಸಿ, ಯಾವ ಹೆಜ್ಜೆಯಿಂದ ಮತ್ತೆ ಓಡಿಸಬೇಕು ಅಂತ ಆ ಮನುಷ್ಯ ಒಂದು ಹಳದಿ ಚೀಟಿಯಲ್ಲಿ ಬರೆದು ನನ್ನ ಮಾನಿಟರಿಗೆ ಅಂಟಿಸಿದರು. ಕೊಡದೇ ಇದ್ದರೂ ಯಾರೂ ಕೇಳುತ್ತಿರಲಿಲ್ಲ.

ಇದು ಎಲ್ಲೋ ಒಂದು ಕಡೆ ನಡೆದದ್ದಲ್ಲ. ಆರ್ಲ್ಯಾಂಡೋದಲ್ಲಿ ಡಿಸ್ನಿ 2014ರ ಕೊನೆಗೆ ಸುಮಾರು 250 ಜನ ಐಟಿಯವರಿಗೆ ನೋಟಿಸ್ ಕೊಟ್ಟಿತು. ಎಷ್ಟೋ ಜನ ತಮ್ಮ ಜಾಗಕ್ಕೆ ಬಂದವರಿಗೆ ತಾವೇ ಕಲಿಸಿ ಹೋದರು. ಅದು ಸೆನೆಟ್ ತನಕ ಹೋಯಿತು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2017ರಲ್ಲಿ 49 ಜನ ಕಾಯಂ ಐಟಿ ನೌಕರರನ್ನು ತೆಗೆದು ಆ ಕೆಲಸವನ್ನು ಔಟ್‌ಸೋರ್ಸ್ ಮಾಡಿತು. ಅದೇ ವಿಶ್ವವಿದ್ಯಾಲಯದ ಬೇರೆ ಕ್ಯಾಂಪಸ್‌ಗಳಲ್ಲಿ ಮಕ್ಕಳು ಫೀಸು ಕಟ್ಟಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದರು!

ಮೇಡಂ, ನಿಮ್ಮ ಮಗನಿಗೆ ಸಂಬಂಧಪಟ್ಟಿದ್ದು ಇಲ್ಲಿದೆ. ಮೊದಲು ಆಫ್‌ಶೋರ್, ಅಂದರೆ ಹೊರದೇಶಕ್ಕೆ, ಹೋಗೋದು ದೊಡ್ಡವರ ಕೆಲಸ ಅಲ್ಲ. ಟೆಸ್ಟಿಂಗ್, ಪ್ರೊಡಕ್ಷನ್ ಸಪೋರ್ಟ್, ಸಣ್ಣಪುಟ್ಟ ಬಗ್ ಸರಿಮಾಡೋದು. ಆಗಷ್ಟೇ ಕಾಲೇಜು ಮುಗಿಸಿದವನು ಕೆಲಸ ಕಲಿಯುತ್ತಿದ್ದುದೇ ಅಲ್ಲಿ. ಏಣಿಯ ಕೆಳಗಿನ ಎರಡು ಮೆಟ್ಟಿಲು ಕಿತ್ತು, ಮೇಲಕ್ಕೆ ಹತ್ತಿ ಬಾ ಅಂದ ಹಾಗಿದೆ. ಸಾಫ್ಟ್‌ವೇರಿನ ಇಡೀ ನಕ್ಷೆ ಹಾಕುವ ಆರ್ಕಿಟೆಕ್ಟ್ ಬೇಕು ಅನ್ನುವ ಕಂಪನಿ, ಆರ್ಕಿಟೆಕ್ಟ್ ಆಗೋಕೆ ಮುಂಚಿನ ಐದಾರು ವರ್ಷ ಅವನು ಎಲ್ಲಿ ಕಲಿಯಲಿ ಅಂತ ಯೋಚಿಸಲ್ಲ. ಜೊತೆಗೆ ಒಪಿಟಿ ಮೇಲೆ, ಅಂದರೆ ಓದು ಮುಗಿದ ಮೇಲೆ ಸ್ವಲ್ಪ ಕಾಲ ಕೆಲಸ ಮಾಡುವ ಅನುಮತಿಯ ಮೇಲೆ, ಇರುವ ವಿದೇಶಿ ವಿದ್ಯಾರ್ಥಿಯನ್ನು ತಗೊಂಡರೆ ಕಂಪನಿಗೆ ಸೋಶಿಯಲ್ ಸೆಕ್ಯೂರಿಟಿ (ಪಿಂಚಣಿ), ಮೆಡಿಕೇರ್ (ವಯಸ್ಸಾದವರ ಆರೋಗ್ಯ ವಿಮೆ) ತೆರಿಗೆ ಸೇರಿ ಸಂಬಳದ 7.65 ಪರ್ಸೆಂಟ್ ಉಳಿತಾಯ, ಆ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಆ ತೆರಿಗೆ ಇಲ್ಲ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳನ್ನು ತಗೊಂಡರೆ ಕಟ್ಟಬೇಕು.

ಹಾಗಾದರೆ ಅಣ್ಣ ಹೇಳಿದ ಹಾಗೆ ವೀಸಾ ನಿಲ್ಲಿಸಿದರೆ ಸರಿಹೋಗುತ್ತಾ? 2025ರ ಸೆಪ್ಟೆಂಬರ್‌ನಲ್ಲಿ ಹೊರದೇಶದಿಂದ ತರುವ ಹೊಸ ಎಚ್-1ಬಿಗೆ 1,00,000 ಡಾಲರ್ ಕಟ್ಟಬೇಕು ಅಂತ ಆದೇಶ ಬಂತು. ಕಂಪನಿಯವರು ಕೂತು ಯೋಚಿಸೋದು ಸರಳ. ಮನುಷ್ಯನನ್ನು ತರೋಕೆ ಅಷ್ಟು ದುಡ್ಡು ಆದರೆ, ಅವನನ್ನು ಬೆಳ್ಳಂದೂರಿನಲ್ಲೇ ಕೂರಿಸಿದರೆ ಆಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಅದು ವಿಶೇಷ. ಈಗ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು, ಜಿಸಿಸಿ ಅಂತಾರಲ್ಲ, ಭಾರತದಲ್ಲಿ 1,700 ದಾಟಿವೆ. ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಕರ್ನಾಟಕ ಸರ್ಕಾರ 2024ರ ನವೆಂಬರ್‌ನಲ್ಲಿ ಜಿಸಿಸಿಗೆಂದೇ ಒಂದು ನೀತಿ ತಂದು, 2029ರ ಒಳಗೆ ಇನ್ನೂ 500 ತರುತ್ತೇವೆ ಅಂದಿದೆ. ವೀಸಾ ನಿಂತರೆ ಕೆಲಸ ಕ್ಯಾರಿಗೆ ಬರಲ್ಲ, ಔಟರ್ ರಿಂಗ್ ರೋಡಿಗೆ ಹೋಗುತ್ತೆ. ಇಲ್ಲಿ ಬಂದವನು ಬಾಡಿಗೆ ಕಟ್ಟುತ್ತಾನೆ, ತೆರಿಗೆ ಕಟ್ಟುತ್ತಾನೆ. ಅಲ್ಲಿರುವವನಿಂದ ಇಲ್ಲಿನ ಊರಿಗೆ ಅದೂ ಇಲ್ಲ.

ಅಲ್ಲಿಯ ಹುಡುಗರಿಗಾದರೂ ಸುಗ್ಗಿಯಾ? ಅದೂ ಇಲ್ಲ. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಸಾಮಾನ್ಯ ಫ್ರೆಶರ್‌ಗೆ ವರ್ಷಕ್ಕೆ ಮೂರು, ಮೂರೂವರೆ ಲಕ್ಷ. ಹತ್ತು ಹನ್ನೆರಡು ವರ್ಷದಿಂದ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ. ಪಿಜಿ ಬಾಡಿಗೆ ನಿಂತಿದೆಯಾ? ನಮ್ಮ ಅಕ್ಕನ ಮಗ ತುಮಕೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಸೇರಿದ್ದಾನೆ. ತಿಂಗಳ ಕೊನೆಗೆ ಅಮ್ಮನಿಗೇ ಫೋನ್. 2024ರಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲಸ ಅನ್ನೋ ಪ್ರಸ್ತಾಪ ಬಂದಾಗ ಅದರ ವಿರುದ್ಧ ಬೀದಿಗೆ ಇಳಿದದ್ದು ಅಲ್ಲಿನ ನೌಕರರ ಸಂಘ. ಹೊರದೇಶದ ಕ್ಲೈಂಟ್‌ಗೆ ಅಗ್ಗ ಆಗಬೇಕಾದರೆ ಯಾರದೋ ಸಂಬಳ, ಯಾರದೋ ನಿದ್ದೆ ಕತ್ತರಿಸಲೇಬೇಕಲ್ಲ.

ನನ್ನ ಕೇಳಿದರೆ, ಬದಲಾಗಬೇಕಾದದ್ದು ಎರಡು. ಮಧ್ಯದ ಸಂಬಳಕ್ಕಿಂತ ಕಮ್ಮಿ ಕೊಡುವ ಹಂತಗಳೇ ಹೋಗಬೇಕು. ವೀಸಾ ಕಂಪನಿಯ ಕೈಯಲ್ಲಿ ಇರದೆ ಕೆಲಸ ಮಾಡುವವನ ಕೈಯಲ್ಲಿರಬೇಕು. ಬೇಕಾದಾಗ ಬಿಟ್ಟು ಹೋಗಬಲ್ಲವನಿಗೆ ಯಾರೂ ಕಮ್ಮಿ ಕೊಡಲ್ಲ. ಆಗ ನಮ್ಮ ಮಕ್ಕಳಿಗೂ ಅವನ ಜೊತೆ ಸಮನಾಗಿ ನಿಲ್ಲೋಕೆ ಆಗುತ್ತೆ.

ಇನ್ನೊಂದು ವಿಷಯ, ಇದು ಸ್ವಲ್ಪ ಮನೆಯೊಳಗಿನದು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳೇ "ಎಚ್-1ಬಿಗಳು" ಅಂತ ಮೂಗು ಮುರಿಯೋದು ಕೇಳಿದ್ದೇನೆ. ಸ್ಕೂಲಿನಲ್ಲಿ ಯಾರಾದರೂ "ನಿಮ್ಮಪ್ಪ ನಮ್ಮವರ ಕೆಲಸ ತಗೊಂಡರು" ಅಂದರೆ ಅದೇ ಮಕ್ಕಳು ಮುಖ ಚಿಕ್ಕದು ಮಾಡಿಕೊಂಡು ಬರುತ್ತಾರೆ. ನನ್ನ ಮಗಳು ಹಾಗೆ ಕೇಳಿದಾಗ ಕನೆಕ್ಟಿಕಟ್ ಕಥೆ ಪೂರ್ತಿ ಹೇಳಿದೆ. ನಾನು ಅಗ್ಗ ಅಂತಲೇ ಕರೆಸಿದ್ದರು, ಆ ಮನುಷ್ಯನ ಕೆಲಸ ಹೋಯಿತು, ಆ ನಿರ್ಧಾರ ನಮ್ಮಿಬ್ಬರದೂ ಆಗಿರಲಿಲ್ಲ ಅಂತ. ಹದಿಮೂರರ ಮಗುವಿಗೆ ಅರ್ಥ ಆಗುತ್ತೆ. "ನಾವು ಬುದ್ಧಿವಂತರು, ಅದಕ್ಕೇ ಕರೆಸಿಕೊಂಡರು" ಅಂತ ಮಾತ್ರ ಹೇಳಿ ಬೆಳೆಸಬೇಡಿ, ಅದು ಅರ್ಧ ಕಥೆ. ಅಲ್ಲದೆ ನಮ್ಮ ಗುಂಪಿನಲ್ಲೇ ಎರಡು ವರ್ಷದ ಕೂಸಾಗಿ ಬಂದ ಮಕ್ಕಳಿದ್ದಾರೆ. ಗ್ರೀನ್ ಕಾರ್ಡ್ ಬರುವ ಮುಂಚೆ 21 ತುಂಬಿದರೆ ಅಪ್ಪ ಅಮ್ಮನ ಅರ್ಜಿಯಿಂದ ಹೊರಗೆ ಬೀಳಬಹುದು. ಅವರ ಮುಂದೆ "ವೀಸಾದವರನ್ನು ಓಡಿಸಿ" ಅನ್ನುವಾಗ ಸ್ವಲ್ಪ ನೋಡಿ ಮಾತಾಡೋಣ.

ಮೇಡಂ, ಹುಡುಗನಿಗೆ ಇಷ್ಟ ಇದ್ದರೆ ಓದಲಿ. ಇಷ್ಟ ಇಲ್ಲದವನನ್ನು ಮೆಡಿಸಿನ್‌ಗೆ ತಳ್ಳೋದಕ್ಕಿಂತ ಅದೇ ಮೇಲು. ಆದರೆ ಹೆಸರಿನ ಹಿಂದೆ ಹೋಗಿ ಸಾಲ ಮಾಡಬೇಡಿ. ನಿಮ್ಮ ರಾಜ್ಯದ ಒಳಗಿನವರಿಗೆ ಕಮ್ಮಿ ಫೀಸು ಇರುವ ಎನ್‌ಸಿ ಸ್ಟೇಟ್ ರಾಲೀಯಲ್ಲೇ ಇದೆ. ಇಲ್ಲವಾದರೆ ಡ್ರೆಕ್ಸೆಲ್, ನಾರ್ತ್‌ಈಸ್ಟರ್ನ್ ತರಹ ಕೋ-ಆಪ್ ಇರುವ ಕಡೆ ನೋಡಿ, ಓದಿನ ನಡುವೆಯೇ ತಿಂಗಳುಗಟ್ಟಲೆ ಕಂಪನಿಯಲ್ಲಿ ಕೆಲಸ ಮಾಡಿಸುತ್ತಾರೆ. ಕಿತ್ತುಹಾಕಿದ ಆ ಎರಡು ಮೆಟ್ಟಿಲು ಅಲ್ಲಿ ಸಿಗಬಹುದು, ಫೀಸು ಮಾತ್ರ ಜಾಸ್ತಿ. ಅವನು ಇಲ್ಲೇ ಹುಟ್ಟಿದವನು, ಸಿಟಿಜನ್. ಸೆಕ್ಯೂರಿಟಿ ಕ್ಲಿಯರೆನ್ಸ್ ಕೇಳುವ ರಕ್ಷಣಾ ಇಲಾಖೆಯ ಕೆಲಸ ಆಫ್‌ಶೋರ್ ಹೋಗಲ್ಲ, ಅದನ್ನೂ ತಲೆಯಲ್ಲಿ ಇಟ್ಟುಕೊಳ್ಳಲಿ. ಕಂಪ್ಯೂಟರ್ ಜೊತೆಗೆ ಕರೆಂಟು, ಆಸ್ಪತ್ರೆಯ ಮೆಷಿನ್ನು, ಯಾವುದಾದರೂ ಒಂದು ಕಣ್ಣೆದುರಿನ ವಸ್ತುವಿನ ಕೆಲಸ ಕಲಿತರೆ ಇನ್ನೂ ಒಳ್ಳೆಯದು.

ಅವನಿಗೆ ಮಾತಾಡಬೇಕು ಅನ್ನಿಸಿದರೆ ಶನಿವಾರ ಕನ್ನಡ ಕ್ಲಾಸ್ ಮುಗಿದ ಮೇಲೆ ಫೋನ್ ಮಾಡಲಿ, ಬಿಡುವಾಗಿರುತ್ತೇನೆ. ಡಲ್ಲಾಸಿನ ಅಣ್ಣಾ, ನಿಮ್ಮ ಟೀಮಿನಲ್ಲಿ ಹೋದ ವರ್ಷ ಕಾಲೇಜು ಮುಗಿಸಿದವರನ್ನು ಎಷ್ಟು ಜನ ತಗೊಂಡಿರಿ? ಬೇಸಿಗೆಗೆ ಇಂಟರ್ನ್ ತಗೊಳ್ಳೋ ಅವಕಾಶ ಇದ್ದರೆ ಇಲ್ಲೇ ಹೇಳಿ, ಗುಂಪಿನಲ್ಲಿ ಕೇಳುವವರು ಬೇಕಾದಷ್ಟು ಜನ ಇದ್ದಾರೆ.