ಬೋರ್ಡಿಗೆ ದಪ್ಪ, ಇಕ್ಕಟ್ಟು, ಓರೆ ಕನ್ನಡ ಅಕ್ಷರ: ಅನುಭವ ಇದ್ದವರು ಹೇಳಿ

ವಿಜಯನಗರದಲ್ಲಿ ನನ್ನ ತಮ್ಮ ಸೈಕಲ್ ಅಂಗಡಿ ತೆರೆಯುತ್ತಿದ್ದಾನೆ, ಬೋರ್ಡು ಮಾಡಿಸುವ ಕೆಲಸ ನನ್ನದು. ಇಂಗ್ಲಿಷಿಗೆ ಬಾರ್ಲೋ ಕಂಡೆನ್ಸ್ಡ್ ಬೋಲ್ಡ್ ಇಟಾಲಿಕ್ (ಇಕ್ಕಟ್ಟು, ದಪ್ಪ, ಓರೆ) ಫಾಂಟ್ ಆರಿಸಿದ್ದೇವೆ, ಓಡುವ ಹಾಗೆ ಮುಂದಕ್ಕೆ ವಾಲಿದೆ, ಚೆನ್ನಾಗಿದೆ. ಅದಕ್ಕೆ ಹೊಂದುವ ಕನ್ನಡ ಫಾಂಟ್ ಸಿಗುತ್ತಿಲ್ಲ. ಹೆಸರಿನಲ್ಲಿ ‘ಧ’ ಇದೆ, ಒತ್ತಕ್ಷರವೂ ಇದೆ. ಏನು ಮಾಡಲಿ?

—

ಈ ಮೂರೂ ಗುಣ ಒಟ್ಟಿಗೆ ಇರುವ ಕನ್ನಡ ಫಾಂಟ್‌ಗಾಗಿ ಸುಮ್ನೆ ಹುಡುಕುತ್ತಾ ಕೂರಬೇಡಿ. ತಿರೋ ಕನ್ನಡಕ್ಕೆ ಇಟಾಲಿಕ್ ಇದೆ, ಆದರೆ ಅದು ಪುಸ್ತಕದ ಅಕ್ಷರ, ಬೋಲ್ಡ್ ಇಲ್ಲ. ನಾನು ಬಳಸುವುದು ಫಾಂಟ್ ಮಾಡುವ ಏಕ್ ಟೈಪ್‌ನವರ ಅನೇಕ್ ಕನ್ನಡ. ಅದರಲ್ಲಿ ಅಗಲವನ್ನು 75ರಿಂದ 125ರವರೆಗೆ, ದಪ್ಪವನ್ನು 100ರಿಂದ 800ರವರೆಗೆ ಬೇಕಾದಲ್ಲಿ ನಿಲ್ಲಿಸಬಹುದು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತ, ವ್ಯಾಪಾರಕ್ಕೂ ಬಳಸಬಹುದು. ಮಾಮೂಲಿ ಫಾಂಟನ್ನು ಎರಡೂ ಕಡೆಯಿಂದ ಅಮುಕಿ ಇಕ್ಕಟ್ಟು ಮಾಡಲು ಮಾತ್ರ ಹೋಗಬೇಡಿ, ನಿಂತ ಗೆರೆ ತೆಳ್ಳಗಾಗಿ ಮಲಗಿದ ಗೆರೆ ದಪ್ಪಗೇ ಉಳಿದು ತಲೆಕಟ್ಟು ಭಾರವಾಗಿ ಕಾಣುತ್ತದೆ.

ಅನೇಕ್‌ನಲ್ಲಿ ಇಟಾಲಿಕ್ ಇಲ್ಲ, ಹಾಗಾಗಿ ವಾಲಿಸುವುದನ್ನು ನೀವೇ ಮಾಡಬೇಕು. ನಮ್ಮ ಅಕ್ಷರಗಳೆಲ್ಲ ದುಂಡಗೆ ಅಲ್ವಾ, ವಾಲಿಸಿದಾಗ ಬಲ ಮೇಲ್ಗಡೆ, ಎಡ ಕೆಳಗಡೆ ಗೆರೆ ಊದಿಕೊಳ್ಳುತ್ತದೆ, ಉಳಿದೆರಡು ಕಡೆ ಸೊರಗುತ್ತದೆ. ನನ್ನ ಕಣ್ಣಿಗೆ ಎಂಟು ಡಿಗ್ರಿ ಸಾಕು. ಆಮೇಲೆ ಕರ್ವ್ ಮಾಡಿ, ಅಂದರೆ ಅಕ್ಷರವನ್ನು ಬರೀ ಗೆರೆಗಳ ಚಿತ್ರವಾಗಿ ಬದಲಿಸಿ, ಒಂದೊಂದೇ ನೋಡ್ (ಗೆರೆಯ ಮೇಲಿನ ಚುಕ್ಕಿ) ಹಿಡಿದು ಗೆರೆ ಸಮ ಮಾಡಿ. ಇನ್ನೊಂದು, ವಾಲಿಸಿದಾಗ ಒತ್ತಕ್ಷರ ಎಡಕ್ಕೆ ಸರಿದು ಹಿಂದಿನ ಅಕ್ಷರದ ಕೆಳಗೆ ಹೋದಂತೆ ಕಾಣುತ್ತದೆ, ಅದನ್ನು ಎಳೆದು ತನ್ನ ಜಾಗಕ್ಕೆ ತನ್ನಿ. ಇಷ್ಟಕ್ಕೇ ಒಂದು ಸಂಜೆ ಹಿಡಿಯಬಹುದು, ಹಿಡಿಯಲಿ, ಬೋರ್ಡು ವರ್ಷಗಟ್ಟಲೆ ಇರುತ್ತದೆ.

—

ಅಕ್ರಿಲಿಕ್ ಅಕ್ಷರ ಕತ್ತರಿಸುವ ಕೆಲಸ ನಮ್ಮದು. ‘ಧ’ದ ಕೆಳಗಿನ ಸೀಳು ನೋಡಿಕೊಳ್ಳಿ ಸರ್. ದಪ್ಪ ಜಾಸ್ತಿಯಾಗಿ ಅಗಲ ಕಡಿಮೆಯಾದಷ್ಟೂ ಆ ಸೀಳು ಸಣ್ಣದಾಗುತ್ತದೆ, ಹಿಂದೆ ಎಲ್‌ಇಡಿ ಹಾಕಿದರೆ ಬೆಳಕು ಹರಡಿ ರಾತ್ರಿ ಅದು ‘ದ’ ಆಗಿಬಿಡುತ್ತದೆ. ಡ–ಢ, ಪ–ಫ, ಬ–ಭ ಎಲ್ಲದರದ್ದೂ ಇದೇ ಕಥೆ. ದಪ್ಪವನ್ನು 800ಕ್ಕೆ ಒಯ್ಯಬೇಡಿ, 700ಕ್ಕೆ ನಿಲ್ಲಿಸಿ, ಸೀಳನ್ನು ಕೈಯಾರೆ ಸ್ವಲ್ಪ ಅಗಲ ಮಾಡಿ ಕೊಡಿ.

—

ನನಗೆ ಅನ್ನಿಸುವುದು ನೀವು ಕೆಲಸವನ್ನು ತಲೆಕೆಳಗಾಗಿ ಶುರು ಮಾಡಿದ್ದೀರಿ. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಜನ ಮೊದಲು ನೋಡುವುದೇ ಕನ್ನಡ ಅಂದಮೇಲೆ ಅದನ್ನು ಮೊದಲು ಕೂರಿಸಿ. ಒತ್ತಕ್ಷರಕ್ಕೆ ಕೆಳಗೆ ಧಾರಾಳ ಜಾಗ ಬಿಡಿ, ಇಂಗ್ಲಿಷ್ ಸಾಲು ಅದಕ್ಕೆ ತಾಗಬಾರದು. ಕನ್ನಡ ಎಷ್ಟು ವಾಲಿದೆಯೋ ನೋಡಿಕೊಂಡು ಆಮೇಲೆ ಇಂಗ್ಲಿಷ್ ಹೊಂದಿಸಿ, ಬೇಕಿದ್ದರೆ ನೆಟ್ಟಗಿನ ಬಾರ್ಲೋ ಕಂಡೆನ್ಸ್ಡ್ ತಗೊಂಡು ಅಷ್ಟೇ ವಾಲಿಸಿ. ಇಂಗ್ಲಿಷ್ ಅಕ್ಷರದಲ್ಲಿ ನೇರ ಗೆರೆ ಜಾಸ್ತಿ, ಸ್ವಲ್ಪ ವಾಲಿಸಿದರೆ ಕೆಡುವುದಿಲ್ಲ.

ಹಳೆಯ ಫೋಟೋಶಾಪ್‌ನಲ್ಲಿ ಒತ್ತಕ್ಷರ ಒಡೆದು ಬಂದರೆ ವರ್ಲ್ಡ್-ರೆಡಿ ಲೇಔಟ್ (ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ಆಯ್ಕೆ) ಆನ್ ಮಾಡಿ. ಪ್ರೆಸ್ಸಿಗೆ ಫಾಂಟ್ ಕಳಿಸಬೇಡಿ, ಕರ್ವ್ ಮಾಡಿದ ಪಿಡಿಎಫ್ ಕಳಿಸಿ. ಅದಕ್ಕೂ ಮುಂಚೆ ಎ3 ಹಾಳೆಯಲ್ಲಿ ಪ್ರಿಂಟ್ ತೆಗೆದು ಅಂಗಡಿ ಷಟರಿಗೆ ಅಂಟಿಸಿ, ರಸ್ತೆಯ ಆ ಕಡೆಯಿಂದ ಹೆಸರು ಗೊತ್ತಿಲ್ಲದ ಯಾರಿಗಾದರೂ ಓದಲು ಹೇಳಿ.