ಮುಂದಿನ ಡಿಸ್ಕ್ ಬ್ರೇಕ್ ಪ್ಯಾಡ್ ಮನೇಲೇ ಬದಲಾಯಿಸಿದವರು ಅನುಭವ ಹೇಳಿ

ಕೇಳಿದವರು, ಸರಸ್ವತಿಪುರಂ
ನಮಸ್ಕಾರ. 125 ಸಿಸಿ ಸ್ಕೂಟರ್, 21,400 ಕಿ.ಮೀ. ಓಡಿದೆ. ಮುಂದಿನ ಪ್ಯಾಡಿನಲ್ಲಿ ಸವೆತ ತೋರಿಸೋ ಗೆರೆ ಅಳಿಸಿಹೋಗಿದೆ, ನಿಧಾನಕ್ಕೆ ಹಿಡಿದರೆ ಕಿರ್ ಅನ್ನುತ್ತೆ. ಡಿಸ್ಕ್ ನುಣ್ಣಗಿದೆ. 340 ರೂಪಾಯಿ ಕೊಟ್ಟು ಹೊಸ ಪ್ಯಾಡ್ ತಂದಿಟ್ಟಿದ್ದೀನಿ. ಬೆಳಗ್ಗೆ ಬಿಚ್ಚೋಕೆ ಕೂತರೆ ಪ್ಯಾಡ್ ಹಿಡಿದಿರೋ ಪಿನ್ನಿನ ತಲೆಯಲ್ಲಿ ಅಲೆನ್ ಕೀ ಕೂರೋ ಆರು ಮೂಲೆಯ ಗುಂಡಿ ಸವೆದು ದುಂಡಗಾಗಿದೆ, ಕೀ ಸುಮ್ಮನೆ ಸುತ್ತುತ್ತೆ. ಪ್ಯಾಡ್ ಕೂರೋ ಕ್ಯಾಲಿಪರ್ ಆಗಲೇ ಬಿಚ್ಚಿ ಪೈಪಿನಲ್ಲಿ ನೇತಾಡ್ತಿದೆ. ಮುಂದೇನು ಮಾಡಲಿ?

ವಿಜಯನಗರ 2ನೇ ಹಂತ
ಮೂರು ಸಲ ಮಾಡಿದ್ದೀನಿ ಸಾರ್, ಧೈರ್ಯವಾಗಿ ಮಾಡಿ. ಮೊದಲ ಸಲದ ಲೆಕ್ಕ ಮಾತ್ರ ಕೇಳಿ. ಗ್ಯಾರೇಜಿನಲ್ಲಿ ಪ್ಯಾಡು, ಕೂಲಿ ಸೇರಿ 650 ಕೇಳಿದರು. ಪ್ಯಾಡ್ 310ಕ್ಕೆ ಸಿಕ್ತು, 340 ಉಳೀತು ಅಂತ ಖುಷಿಯಲ್ಲಿ ಕೂತೆ. ಹಳೇ ಪ್ಯಾಡ್ ತೆಗೆದಿಟ್ಟು ಕಾಫಿಗೆ ಒಳಗೆ ಹೋದೆ. ಮಗನಿಗೆ ಆಗ ಏಳು ವರ್ಷ. ಸೀಟಿನ ಮೇಲೆ ಹತ್ತಿ ಕೂತು ಬ್ರೇಕ್ ಲಿವರ್ ಒತ್ತಿ ಒತ್ತಿ ಆಡಿದ್ದಾನೆ. ಬರೋಷ್ಟರಲ್ಲಿ ಪ್ಯಾಡನ್ನ ಡಿಸ್ಕಿಗೆ ಒತ್ತೋ ಪಿಸ್ಟನ್ ಪೂರ್ತಿ ಆಚೆ, ಬ್ರೇಕ್ ಆಯಿಲ್ ಮಡ್‌ಗಾರ್ಡ್ ಮೇಲೆಲ್ಲ. ನೀರು ಹುಯ್ದು ತೊಳೀಬೇಕಿತ್ತು, ನಾನು ಬಟ್ಟೇಲಿ ಒರೆಸಿ ಸುಮ್ಮನಾದೆ. ಬೆಳಗ್ಗೆ ಪೇಂಟ್ ಸುಕ್ಕುಗಟ್ಟಿ, ಉಗುರು ತಾಗಿಸಿದರೆ ಹಾಲಿನ ಕೆನೆ ಥರ ಎದ್ದು ಬರ್ತಿತ್ತು.

ಸೀಲ್ ಕಿಟ್ 220. ಡಾಟ್ 3 ಬ್ರೇಕ್ ಆಯಿಲ್ 95. ಬ್ರೇಕ್ ಪೈಪಿನ ಗಾಳಿ ತೆಗೆಸೋಕೆ 200. ಮಡ್‌ಗಾರ್ಡ್ ಪೇಂಟಿಂಗ್ 900. ಎರಡು ದಿನ ಆಫೀಸಿಗೆ ಆಟೋ 360. ಪ್ಯಾಡ್ ಬಿಟ್ಟು 1,775! ಆದರೆ ಎರಡನೇ, ಮೂರನೇ ಸಲ 25 ನಿಮಿಷ, ಒಂದು ತೊಟ್ಟು ಚೆಲ್ಲಿಲ್ಲ. ಈಗ ಪ್ಯಾಡ್ ತೆಗೆಯೋ ಮೊದಲೇ ಲಿವರಿನ ಸಂದಿಗೆ ರಟ್ಟು ತುರುಕಿಬಿಡ್ತೀನಿ, ಯಾರು ಹಿಡಿದರೂ ಒತ್ತೋಕಾಗಲ್ಲ.

ಗ್ಯಾರೇಜ್, ಗುತ್ತಲು, ಮಂಡ್ಯ
22 ವರ್ಷದಿಂದ ಗ್ಯಾರೇಜ್ ನಡುಸ್ತಾ ಇವ್ನಿ. ವಿಡಿಯೋ ನೋಡ್ಕಂಡು ಬಿಚ್ಬುಟ್ಟು, ಆಮೇಕೆ ಕ್ಯಾಲಿಪರ್ನ ಕವರ್‌ಗೆ ಹಾಕ್ಕಂಡು ನಮ್ಮತ್ರ ಬತ್ತರೆ. ಕೂಲಿ ನಾನು ತಗಳದು 150. ಅದುನ್ನ ಉಳ್ಸಕೆ ಇಷ್ಟು ಸಂಕಟ ಯಾಕಣ್ಣ?

ಹೋದ ದೀಪಾವಳಿ ಟೈಮಲ್ಲಿ ಒಬ್ಬ ಹುಡ್ಗ ಮನೇಲೇ ಹೊಸ ಪ್ಯಾಡ್ ಹಾಕ್ಬುಟ್ಟು, ಲಿವರ್ ಪಂಪ್ ಮಾಡ್ದಲೇ ಬೀದಿಗಿಳ್ದ. ಪಿಸ್ಟನ್ ಒಳಕ್ಕೆ ತಳ್ಳಿರ್ತೀವಲ್ಲ, ಮೊದಲ ನಾಕೈದು ಒತ್ತು ಪಿಸ್ಟನ್ ಆಚೆಗೆ ಬರಕ್ಕೇ ಸರಿಹೋಯ್ತದೆ, ಬ್ರೇಕೇ ಹಿಡಿಯಾಕಿಲ್ಲ. ಲಿವರ್ ಬಂದು ಹ್ಯಾಂಡಲ್‌ಗೆ ಅಂಟ್ಕತು, ಗಾಡಿ ನಿಲ್ನಿಲ್ಲ, ಕಬ್ಬಿನ ಟ್ರೇಲರ್‌ಗೆ ಹೋಗಿ ಗುದ್ದುದ. ಫೋರ್ಕ್‌ಗೆ 3,800, ಅವನ ಮಣಿಕಟ್ಗೆ ಪ್ಲೇಟು. ಆಸ್ಪತ್ರೆಗೆ ಕರ್ಕಂಡೋದವ್ನು ನಾನು. ಅವರವ್ವ ಬಾಗ್ಲಲ್ಲಿ ಚಪ್ಲಿ ಇಲ್ದಲೆ ನಿಂತಿದ್ದು ಇವತ್ಗೂ ಕಣ್ಮುಂದೆ ಐತೆ. 340 ಉಳೀತು ಅಂತ ಬರ್ಯೋರು ಇದ್ನೂ ಬರೀರಿ.

ವಿಜಯನಗರ 2ನೇ ಹಂತ
ಉಳೀತು ಅಂತ ಎಲ್ಲಿ ಬರೆದಿದ್ದೀನಿ? 1,775 ಕಳ್ಕೊಂಡೆ ಅಂತಾನೇ ಬರೆದಿರೋದು. ಪೂರ್ತಿ ಓದಿ ಮಾತಾಡಿ.

ರಾಮಕೃಷ್ಣನಗರ
ಅಣ್ಣ, 150ಕ್ಕೆ ಮನಸ್ಸಿಟ್ಟು ಮಾಡೋರು ನೀವು. ಎಲ್ಲರಿಗೂ ನೀವು ಸಿಗಲ್ಲ. ನಾನು ದುಡ್ಡು ಕೊಟ್ಟು ಮಾಡಿಸಿದವಳೇ. ಹೊಸ ಪ್ಯಾಡ್ ಹಾಕಿಸಿ ನಾಲ್ಕು ತಿಂಗಳಿಗೆ ಮತ್ತೆ ಕಿರಕಿರ. ‘ಮೇಡಂ, ನೀವು ಬ್ರೇಕ್ ಜಾಸ್ತಿ ಹಿಡೀತೀರ’ ಅಂದ್ರು. ಡಿಸ್ಕ್ ಸಮೇತ ಬದಲಾಯಿಸಿ 2,640 ಬಿಲ್ ಕೈಗಿಟ್ಟರು. ಐದು ತಿಂಗಳು ಕಳೆದ ಮೇಲೆ ಮತ್ತದೇ ಹಾಡು.

ಮೂರನೇ ಸಲ ನಾನೇ ಬಿಚ್ಚಿದೆ. ಎರಡೂ ಪ್ಯಾಡ್ ಅಂಗೈ ಮೇಲಿಟ್ಟು ನೋಡಿದರೆ, ಪಿಸ್ಟನ್ ಕಡೆಯದು ತಗಡು ಕಾಣೋವರೆಗೂ ಸವೆದಿದೆ, ಆಚೆ ಕಡೆಯದರ ಗೆರೆ ಹೊಸದರ ಹಾಗೇ ಇದೆ. ಕ್ಯಾಲಿಪರ್ ಜಾರೋ ಪಿನ್ನು ಎಳೆದರೆ ಬರಲಿಲ್ಲ. ಅದರ ರಬ್ಬರ್ ಕವಚ (ಬೂಟ್) ಹರಿದು, ಮಳೆನೀರು ಇಳಿದು, ತುಕ್ಕು ಕಚ್ಚಿಕೊಂಡಿತ್ತು. ಎರಡು ಸಲ ಪ್ಯಾಡ್ ಹಾಕಿದವರು ಒಂದು ಸಲವಾದರೂ ಆ ಪಿನ್ನು ಮುಟ್ಟಿ ನೋಡಿದ್ದರೆ? ಪಾತ್ರೆ ಉಜ್ಜೋ ಹಸಿರು ನಾರಿನಲ್ಲಿ ಉಜ್ಜಿದೆ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದೆ, ಹೊಸ ಬೂಟ್ ಜೋಡಿಗೆ 60 ರೂಪಾಯಿ. 14 ತಿಂಗಳಾಯ್ತು, ಎರಡೂ ಸಮನಾಗಿ ಸವೀತಿವೆ. ಆ 2,640 ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ನಿವೃತ್ತ ಫಿಟ್ಟರ್, ಮೇಟಗಳ್ಳಿ
ತಾಯಿ, ಸರಿಯಾದ ಜಾಗ ಹಿಡಿದಿರಿ. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ 31 ವರ್ಷ ಕೆಲಸ ಮಾಡಿದವನು ನಾನು. ಸಿಲಿಕೋನ್ ಗ್ರೀಸ್ ಅಂದರೆ ಸಿಲಿಕೋನ್ ಗ್ರೀಸೇ. ಬೇರಿಂಗಿನ ಗ್ರೀಸ್ ಸವರಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡ್ಕೊಳ್ಳುತ್ತೆ. ಇನ್ನೊಂದು: ಪ್ಯಾಡ್ ಸವೆದ ಹಾಗೆ ಹ್ಯಾಂಡಲ್ ಮೇಲಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿಯುತ್ತೆ. ಕಡಿಮೆ ಆಯ್ತು ಅಂತ ನಡುವೆ ತುಂಬಿಸಿದ್ದರೆ, ಪಿಸ್ಟನ್ ತಳ್ಳಿದಾಗ ಉಕ್ಕಿ ಬರುತ್ತೆ. ನನ್ನ ಅಳಿಯ ಹಾಗೇ ಮಾಡಿ ಸ್ಪೀಡೋಮೀಟರ್ ಗಾಜು ಮಂಜು ಮಾಡ್ಕೊಂಡ. ಸಾಲದ್ದಕ್ಕೆ ಶಬ್ದ ಬರ್ತಿದೆ ಅಂತ ಡಿಸ್ಕಿಗೆ ಚೈನ್ ಸ್ಪ್ರೇ ಹೊಡೆದ. ಎಣ್ಣೆ ಕುಡಿದ ಪ್ಯಾಡ್ ಎಷ್ಟು ಉಜ್ಜಿದರೂ ಬರಲ್ಲ. ಅವತ್ತೇ ತಂದ ಪ್ಯಾಡ್ ಅವತ್ತೇ ಕಸಕ್ಕೆ.

ವಿದ್ಯಾರಣ್ಯಪುರಂ
ಇಷ್ಟೆಲ್ಲ ಯಾಕೆ ಸಾರ್? ನನ್ನದು ಮುಂದೆ ಹಿಂದೆ ಎರಡೂ ಡ್ರಮ್. ಆರು ವರ್ಷದಿಂದ ಅದೇ ಲೈನರ್. ವಾರಕ್ಕೊಂದು ಸಲ ಚಾಮುಂಡಿ ಬೆಟ್ಟಕ್ಕೆ ಹೋಗ್ತೀನಿ, ಇಳಿಯುವಾಗ ಇಂಜಿನ್ ಆಫ್ ಮಾಡಿ ಬ್ರೇಕಿನ ಮೇಲೇ ಬರ್ತೀನಿ. ಪೆಟ್ರೋಲೂ ಉಳಿಯುತ್ತೆ.

ನಿವೃತ್ತ ಫಿಟ್ಟರ್, ಮೇಟಗಳ್ಳಿ
ಇಂಜಿನ್ ಆಫ್ ಮಾಡಿ ಬೆಟ್ಟ ಇಳಿಯೋದಾ! ಇಂಜಿನ್ ಓಡ್ತಿದ್ದು ಆಕ್ಸಿಲೇಟರ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಸ್ವಲ್ಪ ಹಿಡಿಯುತ್ತೆ. ಆಫ್ ಮಾಡಿದರೆ ಪೂರ್ತಿ ಭಾರ ಬ್ರೇಕಿನ ಮೇಲೆ. ಡ್ರಮ್ ಕಾದರೆ ಹಿಡಿತ ಹೋಗುತ್ತೆ. ಡಿಸ್ಕ್ ಆದರೆ ಹಳೇ ಆಯಿಲ್ ನೀರು ಹೀರಿರುತ್ತೆ, ಆ ಶಾಖಕ್ಕೆ ಕುದ್ದು ಗುಳ್ಳೆ ಬಂದರೆ ಲಿವರ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ ಅನ್ನೋದು. ನಂದಿಯ ತಿರುವಿನಲ್ಲಿ ಮಕ್ಕಳು ಮರಿ ನಿಂತಿರ್ತಾರೆ. ದಯವಿಟ್ಟು ನಿಲ್ಲಿಸಿ.

ವಿದ್ಯಾರಣ್ಯಪುರಂ
ಆರು ವರ್ಷದಲ್ಲಿ ಒಂದು ಗೀರೂ ಆಗಿಲ್ಲ. ನನಗೆ ಗಾಡಿ ಓಡಿಸೋದು ನೀವು ಕಲಿಸಬೇಡಿ.

ಮಂಡ್ಯ ವಿವಿ ನಗರ
ಬೆಟ್ಟದ ಮಾತು ಬುಡಿ ಸಾ. ದಿನಾ ಮದ್ದೂರಿಗೆ ಹೋಗಿಬರೋನು ನಾನು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು ಸ್ಕೂಟರ್ ಬಿಡಲ್ಲ, ಸರ್ವಿಸ್ ರಸ್ತೆಯೇ ಗತಿ. ಮಣ್ಣು, ಜಲ್ಲಿಪುಡಿ, ಹೆಜ್ಜೆಗೊಂದು ಹಂಪು. ಮೊದಲು 18,000 ಕಿ.ಮೀ. ಬರ್ತಿದ್ದ ಪ್ಯಾಡ್ ಈಗ 9,000ಕ್ಕೆ ಮುಗೀತದೆ. ಡಿಸ್ಕ್ ಮೇಲೆ ಹಳೇ ಕಾಲದ ಗ್ರಾಮಫೋನ್ ಪ್ಲೇಟಿನ ಥರ ಗೆರೆ. ವರ್ಷಕ್ಕೆ ಎರಡು ಸೆಟ್, ಯಾರ ಹತ್ರ ಕೇಳಾನ?

ವಿಜಯನಗರ 2ನೇ ಹಂತ
ಆ ವೇಗದ ಕಾರುಗಳ ಮಧ್ಯೆ ಸ್ಕೂಟರ್ ಬಿಟ್ಟಿದ್ದೇ ತಪ್ಪಾಗಿತ್ತು. ನಿಲ್ಲಿಸಿದ್ದು ಒಳ್ಳೇದೇ ಆಯ್ತು.

ಮಂಡ್ಯ ವಿವಿ ನಗರ
ಕಾರಿರೋರ ಮಾತು. ಒಂದು ದಿನ ಸರ್ವಿಸ್ ರಸ್ತೇಲಿ ಮಳೆ ಹುಯ್ಯೋವಾಗ ಬಂದು ನೋಡಿ.

ಕೇಳಿದವರು, ಸರಸ್ವತಿಪುರಂ
ಎಲ್ಲರಿಗೂ ಧನ್ಯವಾದ. ನನ್ನ ಪಿನ್ನು ಇನ್ನೂ ಹಾಗೇ ಇದೆ. ಕ್ಯಾಲಿಪರನ್ನ ವೈರಿನಿಂದ ಹ್ಯಾಂಡಲಿಗೆ ಕಟ್ಟಿದ್ದೀನಿ, ಪೈಪ್ ಎಳೆಯದ ಹಾಗೆ. ನಾಳೆ ಒಂಬತ್ತಕ್ಕೆ ಡ್ಯೂಟಿ.

ಗ್ಯಾರೇಜ್, ಗುತ್ತಲು, ಮಂಡ್ಯ
ಪಿನ್ನ ಕ್ಯಾಲಿಪರ್ ಬಿಚ್ಚಕ್ ಮುಂಚೆನೇ ಒಂದು ಸುತ್ತು ಸಡ್ಲ ಮಾಡ್ಕಬೇಕಿತ್ತು ಸಾ, ಕೈಲಿ ಹಿಡ್ಕಂಡ್ರೆ ಬಲ ಸಾಲಾಕಿಲ್ಲ. ಈಗ ಎರಡು ಬೋಲ್ಟ್ ಹಾಕಿ ಕ್ಯಾಲಿಪರ್ನ ಮತ್ತೆ ಫೋರ್ಕ್‌ಗೆ ಕೂರ್ಸಿ. ಆ ಗುಂಡಿಗಿಂತ ಕೂದ್ಲೆಳೆಯಷ್ಟು ದಪ್ಪ ಇರೋ ಸ್ಟಾರ್ ಬಿಟ್ (ನಕ್ಷತ್ರದ ಥರ ತುದಿ ಇರೋದು) ತಂದು, ಸುತ್ಗೇಲಿ ಮೆತ್ತಗೆ ಹೊಡ್ದು ಕೂರ್ಸಿ ತಿರ್ಗ್ಸಿ. ತುಕ್ಕಿಗೆ ಎಣ್ಣೆ ಬುಟ್ರೆ ಕಡ್ಡಿ ತುದೀಲಿ ಒಂದೇ ತೊಟ್ಟು, ಡಿಸ್ಕ್‌ಗೆ ಬಟ್ಟೆ ಸುತ್ತಿರಿ. ಬಂದ ಪಿನ್ನ ಮತ್ತೆ ಹಾಕ್ಬ್ಯಾಡಿ, ಹೊಸದು ತನ್ನಿ. ಹಾಕಾದ್ಮೇಲೆ ನಿಂತಲ್ಲೇ ಲಿವರ್ ಗಟ್ಟಿ ಆಗಗಂಟ ಪಂಪ್ ಮಾಡಿ. ಕಾಂಬಿ ಬ್ರೇಕ್ (ಒಂದೇ ಲಿವರ್‌ಗೆ ಮುಂದೆ ಹಿಂದೆ ಎರಡೂ ಹಿಡಿಯೋದು) ಇದ್ರೆ ಎಡಗಡೆ ಲಿವರ್ನೂ ಒತ್ತಿ ನೋಡಿ.

ಕೇಳಿದವರು, ಸರಸ್ವತಿಪುರಂ
ಬಂತು ಅಣ್ಣ. ಟಕ್ ಅಂತ ಬಂತು. ಹೊಸ ಪಿನ್ನಿಗೆ ಇವತ್ತು ಅಂಗಡಿ ಇಲ್ಲ, ನಾಳೆ ಬಸ್ಸಲ್ಲೇ ಹೋಗ್ತೀನಿ.